ವಾರೆ

ಮೆಕ್ಯಾನಿಕ್‌ಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಅಲ್ಲಿ ಅವನು ವಾರೆ. ಪೈಲಟ್ ಆಗಲು ಹೊರಟಿದ್ದ ಕಾಲದಲ್ಲಿ, ಪರೀಕ್ಷೆಯ ದಿನ, ಅವನು ಇಳಿಸಿದ ವಿಮಾನ ವಾರೆಯಾಗಿ ಓಡಿ ಹುಲ್ಲಿಗೆ ನುಗ್ಗಿತ್ತು. ಹೆಸರಿಟ್ಟವನು ಹೆಂಡತಿಯ ಅಣ್ಣ, ಅಲ್ಲಿನ ತರಬೇತುದಾರ. ಹೊಸಬರಿಗೆ ಇವತ್ತಿಗೂ ಅವನ ಮೊದಲ ಪಾಠ ಅದೇ.

"ಮೊದ್ಲು ಗಾಳಿ ನೋಡ್ರಪ್ಪಾ. ಇಲ್ದಿದ್ರೆ ನಮ್ಮ ವಾರೆ ಥರ ಜೀವನಪೂರ್ತಿ ನಟ್ಟು ತಿರುಗಿಸ್ತಾ ಇರ್ಬೇಕಾಗುತ್ತೆ."

ಅದನ್ನೆಲ್ಲ ಅವನು ಹಲ್ಲು ಕಿರಿದು ನುಂಗಿಕೊಂಡಿದ್ದ. ಆದರೆ ಮೊನ್ನೆ ಊಟದ ಹೊತ್ತಿಗೆ ಮಗಳು, "ಅಪ್ಪಾ, ಗೋಡೆ ಮೇಲಿನ ಆ ಫೋಟೋ ನೋಡು, ನಿನ್ ಥರಾನೇ ವಾರೆ," ಎಂದು ಕಿಸಕ್ಕನೆ ನಕ್ಕಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳೆಂದರೆ ಅವನ ಪ್ರಾಣ. ಸಿಟ್ಟು ಹೋಗಿ ಕೂರಬೇಕಾದಲ್ಲಿ ಕೂತಿತು.

ವರ್ಷದ ವಿಮಾನ ಪ್ರದರ್ಶನದ ದಿನ ಊರೆಲ್ಲ ಸೇರುತ್ತದೆ, ಹಾರಿಸುವವನು ಹೆಂಡತಿಯ ಅಣ್ಣ. ಊರೆದುರು ತರಬೇತುದಾರನೇ ವಾರೆ ಹೋಗಬೇಕು. ಸಾಯುವುದು ಬೇಡ, ಮಾನ ಹೋದರೆ ಸಾಕು. ಬಲಚಕ್ರದ ಬ್ರೇಕಿನ ಪೈಪನ್ನು ಒಂದಿಷ್ಟು ಸಡಿಲಿಸಿದರೆ ಆಯಿತು. ಮೆಲ್ಲಗೆ ಒತ್ತಿದರೆ ಹಿಡಿಯುತ್ತದೆ, ಇಳಿದ ಮೇಲೆ ಜೋರಾಗಿ ಒತ್ತಿದರೆ ಎಣ್ಣೆ ಚಿಮ್ಮಿ ಕೈಕೊಡುತ್ತದೆ. ಎಡಚಕ್ರ ಮಾತ್ರ ಕಚ್ಚಿಕೊಳ್ಳುತ್ತದೆ, ವಿಮಾನ ಎಡಕ್ಕೆ ತಿರುಗುತ್ತದೆ. ಅಷ್ಟು ಹೊತ್ತಿಗೆ ವೇಗ ಕಡಿಮೆಯಾಗಿ ಬಾಲದ ಚುಕ್ಕಾಣಿಯೂ ಮಾತು ಕೇಳುವುದಿಲ್ಲ. ವಿಮಾನ ಬರುವುದು ಯಾವಾಗಲೂ ಕೆರೆಯ ಕಡೆಯಿಂದ. ಎಡಕ್ಕೆ ಕೆಸರಿನ ಹಳ್ಳ. ಬಲಕ್ಕೆ ಶೆಡ್ಡು, ಜನ, ಬೆಂಚುಗಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸಾಕ್ಷಿಯನ್ನೂ ಮೊದಲೇ ಕಟ್ಟಿಕೊಂಡ. ಎಲ್ಲರೆದುರು, "ಈ ಪೈಪು ಹಳೇದಾಯ್ತು, ಬದಲಾಯಿಸೋಣ," ಎಂದ.

"ಇನ್ನೊಂದ್ ವರ್ಷ ಬರುತ್ತೆ ಬಿಡೋ ವಾರೆ," ಎಂದು ತರಬೇತುದಾರ ನಕ್ಕ. ಅವನೂ ನಕ್ಕ, ಅಂದು ಮನಸಾರೆ.

ಪ್ರದರ್ಶನದ ಬೆಳಿಗ್ಗೆ ವಿಮಾನದ ಅಡಿಯಲ್ಲಿ ಅಂಗಾತ ಮಲಗಿ ಕೆಲಸ ಮುಗಿಸಿದ. ಮಗಳನ್ನು ಮುಂದಿನ ಬೆಂಚಿನಲ್ಲೇ ಕೂರಿಸಿದ. ಮಾವ ಕೆಸರಿಗೆ ಬೀಳುವುದನ್ನು ಅವಳು ಚೆನ್ನಾಗಿ ನೋಡಬೇಕು. ತಾನು ರನ್‌ವೇ ದಾಟಿ ಹಳ್ಳದ ಪಕ್ಕ ನಿಂತ. ಮೇಲೆ ವಿಮಾನ ಸುತ್ತು ಹಾಕುತ್ತಿತ್ತು. ಬೇಡವಾಗಿತ್ತೇನೋ ಎಂದೂ ಒಮ್ಮೆ ಅನಿಸಿತು. ಆದರೆ ಮಗಳ ಆ ನಗು ಮತ್ತೆ ಕಿವಿಯಲ್ಲಿ ಕೇಳಿಸಿತು.

ಕೆರೆಯ ಕಡೆಗೇ ಕಣ್ಣಿಟ್ಟು ಕಾದ. ಸದ್ದು ಮಾತ್ರ ಬೆನ್ನ ಹಿಂದಿನಿಂದ ಬಂತು. ತಿರುಗಿದರೆ ವಿಮಾನ ಗುಡ್ಡದ ಕಡೆಯಿಂದ ಇಳಿಯುತ್ತಿತ್ತು. ಈಗ ಅದರ ಎಡಕ್ಕೆ ಇದ್ದದ್ದು ಶೆಡ್ಡು, ಬೆಂಚು, ಅವನತ್ತ ಎರಡೂ ಕೈ ಬೀಸುತ್ತಿದ್ದ ಮಗಳು. "ಬ್ರೇಕ್ ಒತ್ಬೇಡ! ಒತ್ಬೇಡ್ವೋ!" ಎಂದು ಊರೆಲ್ಲ ಕೇಳುವಂತೆ ಅರಚುತ್ತ ಅವನು ಓಡಿದ. ಚಕ್ರಗಳು ನೆಲ ಮುಟ್ಟಿದವು. ಶೆಡ್ಡಿನ ಮೇಲೆ ಗಾಳಿಯ ದಿಕ್ಕು ತೋರುವ ಗಾಳಿಚೀಲ ಕೆರೆಗೆ ಬೆನ್ನು ಹಾಕಿ ಗುಡ್ಡದತ್ತ ನೆಟ್ಟಗೆ ಚಾಚಿಕೊಂಡಿತ್ತು. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ, ಅದು ಇಲ್ಲಿ ಕಸ ಗುಡಿಸುವವಳಿಗೂ ಗೊತ್ತು. ಬೆಳಿಗ್ಗೆಯಿಂದ ಅವನು ಒಮ್ಮೆಯೂ ಗಾಳಿ ನೋಡಿರಲಿಲ್ಲ.