ಕಾಗೆ ಇಳಿಯಿತಾ, ಪ್ರಣಮ್ಯಾ?

"ಇದು ನಿಮ್ಮ ಲ್ಯಾಪ್‌ಟಾಪಿಗೆ ಆಗೋದಿಲ್ಲ."

ಅಷ್ಟೇ. ನಮಸ್ಕಾರವಿಲ್ಲ, ಮುಗುಳ್ನಗೆಯೂ ಇಲ್ಲ. ಪ್ರಣಮ್ಯಾ ಒಂದು ವಾರ ಆನ್‌ಲೈನಿನಲ್ಲಿ ತಡಕಾಡಿ, ಹಳೇ ಡಿಸ್ಕಿನ ಬದಲಿಗೆ ಹಾಕಿಸಲು ತರಿಸಿದ್ದ ಎಸ್‌ಎಸ್‌ಡಿಯ ಡಬ್ಬಿಯನ್ನು ಮೈಲಾಪೂರಿನ ರಿಪೇರಿ ಅಂಗಡಿಯ ಆ ಮನುಷ್ಯ ಅವಳ ಕಡೆಗೇ ತಳ್ಳಿದ.

"ಯಾಕಾಗಲ್ಲ? ಏಳು ಪಟ್ಟು ಸ್ಪೀಡ್ ಅಂತ ಬರೆದಿದಾರೆ, ನೋಡ್ರೀ."

"ಸ್ಪೀಡ್ ಉಂಟು. ಕೂರಿಸ್ಲಿಕ್ಕೆ ಜಾಗ ಇಲ್ಲ." ಅವನು ಲ್ಯಾಪ್‌ಟಾಪಿನ ತಳ ಬಿಚ್ಚಿ ತೋರಿಸಿದ. "ನೀವು ತಂದದ್ದು ಸಣ್ಣ ಪಟ್ಟಿ. ನಿಮ್ಮದು ಹಳೇ ಮಾಡೆಲ್. ಈ ಗೂಡಿಗೆ ಎರಡೂವರೆ ಇಂಚಿನ ಸಾಟಾ ಡ್ರೈವೇ ಆಗ್ಬೇಕು."

ಓಹೋ... ಇನ್ನು ಒಳಗಿಂದ ತನ್ನ ಮಾಲು ತೆಗೀತಾನೆ! ಕನ್ನಡದವರು, ಮೋಸ ಇಲ್ಲ ಅಂತ ಆಫೀಸಿನ ಶ್ರೀಪ್ರಿಯಾ ಕಳಿಸಿದ್ದಳಲ್ಲ, ಅವಳಿಗೆ ಮೊದಲು ಬಯ್ಯಬೇಕು.

"ಅಂದ್ರೆ ನಿಮ್ಮ ಹತ್ರ ಇರೋದನ್ನೇ ತಗೋಬೇಕು, ಅಲ್ವಾ?"

ಅವನು ಮೊದಲ ಸಲ ತಲೆಯೆತ್ತಿದ. ಹೆಸರು ರಜತ್.

"ಬೇಡ. ಎಲ್ಲಿ ಬೇಕಾದ್ರೂ ತಗೊಳ್ಳಿ. ಐನೂರು ಜಿಬಿ ಸಾಕು. ಐದು ವರ್ಷ ವಾರಂಟಿ ಇರೋದು ನೋಡಿ. ತೀರಾ ಅಗ್ಗದ್ದು ಬೇಡ, ತುಂಬ್ತಾ ಬಂದ ಹಾಗೆ ನಿಧಾನ ಆಗ್ತದೆ. ಇದನ್ನ ವಾಪಸ್ ಕಳ್ಸಿ, ಪ್ಯಾಕ್ ಒಡೀಬೇಡಿ."

ಅವಳ ಕೋಪಕ್ಕೆ ನಿಲ್ಲಲು ಜಾಗವೇ ಸಿಗಲಿಲ್ಲ. ಮುಖ ಸಣ್ಣದಾಯಿತು.

"ನೀವೇ ಹಾಕ್ಕೊಡಿ. ಆದ್ರೆ ಶುಕ್ರವಾರದೊಳಗೆ ಆಗಲೇಬೇಕು ಕಣ್ರೀ."

ಚೆನ್ನೈನ ಪೆರುಂಗುಡಿಯ ಆಫೀಸಿನಲ್ಲಿ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವಳ ಕೆಲಸ. ಜೀವ ಇದ್ದದ್ದು ಬೇರೆ ಕಡೆ. ತಮಿಳು ಶಾಲೆಗೆ ಹೋಗುವ ಕನ್ನಡದ ಮಕ್ಕಳಿಗಾಗಿ ಎರಡು ವರ್ಷ ಕೂತು, ಅವಳು ನಲವತ್ತೊಂದು ಕತೆಗಳನ್ನು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿದ್ದಳು. ಶುಕ್ರವಾರ ಸಂಜೆ ಐದರೊಳಗೆ ಅವನ್ನೆಲ್ಲ ಒಂದು ಆಡಿಯೋ ಕಂಪನಿಗೆ ಕಳಿಸಬೇಕು. ಒಪ್ಪಿದರೆ ಕತೆ ಹೇಳುವುದೇ ಕೆಲಸ. ಈ ಮುದಿ ಲ್ಯಾಪ್‌ಟಾಪ್ ನಡುವೆ ಪ್ರಾಣ ಬಿಟ್ಟರೆ?

"ಒಳಗಿರೋದನ್ನ ಯಾರೂ ಕೇಳಬಾರದು," ಎಂದಳು. ಇನ್ನೂ ಕತ್ತರಿಸಿ ಸರಿಮಾಡದ ರೆಕಾರ್ಡಿಂಗುಗಳು. ನಡುನಡುವೆ ತನ್ನ ಬೈಗುಳ, ನಿಟ್ಟುಸಿರು, ಏನೇನೋ ಇದ್ದವು.

"ಡಿಸ್ಕನ್ನ ಇಡಿಯಾಗಿ ನಕಲು ಮಾಡೋದು. ಎಂತದನ್ನೂ ತೆರೀಲಿಕ್ಕಿಲ್ಲ. ಮಾತು ಕೊಟ್ಟೆ."

ಆ ಮೂರು ದಿನ ಪ್ರಣಮ್ಯಾಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರ ಅವನ ಫೋನ್ ಎರಡು ಸಲ ಬಂತು. ಎರಡು ಸಲವೂ ಮೀಟಿಂಗು, ಕಟ್ ಮಾಡಿದಳು. ಗುರುವಾರ ಸಂಜೆ ಅಂಗಡಿಗೆ ಓಡಿದಾಗಲೂ ಕಿವಿಯಲ್ಲಿ ಫೋನು, ಫೋನಿನಲ್ಲಿ ಮ್ಯಾನೇಜರ್.

"ಒಂದು ವಿಷಯ ಹೇಳ್ಬೇಕಿತ್ತು..." ಎಂದ ರಜತ್.

ಆಮೇಲೆ ಎಂದು ಕೈಸನ್ನೆ ಮಾಡಿ ಬ್ಯಾಗು ಎತ್ತಿಕೊಂಡಳು. ಅವನು ಒಂದು ಪೊಟ್ಟಣವನ್ನೂ ಕೈಗಿಟ್ಟ. ಪಕ್ಕದ್ದೇ ಅವನ ಅಪ್ಪ ಸದಾನಂದರ ಹೋಟೆಲು. ಕುಂದಾಪುರದವರು, ಕೊಡುವುದು ಅವರ ಅಭ್ಯಾಸವಿರಬೇಕು ಎಂದುಕೊಂಡಳು.

ವೇಲಚೇರಿಯ ಮನೆಯಲ್ಲಿ ಬಟನ್ ಒತ್ತಿದರೆ, ಹತ್ತೇ ಸೆಕೆಂಡಿಗೆ ಲ್ಯಾಪ್‌ಟಾಪ್ ಎದ್ದು ಕೂತಿತು. ಖುಷಿಯಲ್ಲಿ ಪೊಟ್ಟಣ ಬಿಚ್ಚಿದಳು.

ಅವರೆಕಾಳು ಉಪ್ಪಿಟ್ಟು.

ಮಂಡ್ಯದಲ್ಲಿ ಅಮ್ಮ ಮಾಡುವಂಥದ್ದು... ಬಾಯಿಗಿಟ್ಟರೆ ಸಿಹಿ! ಕರಾವಳಿಯ ಕೈ, ಬೆಲ್ಲ ಬಿದ್ದಿದೆ. ನಗು ಬಂತು. ಮರುಕ್ಷಣ ಕೈ ನಿಂತಿತು.

ಕುಂದಾಪುರದವರ ಹೋಟೆಲಿನಲ್ಲಿ ಇದನ್ನು ಯಾರು ಮಾಡುತ್ತಾರೆ?

ಈ ಊರಿನಲ್ಲಿ ಇದನ್ನು ತಿನ್ನುವ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಂದೇ ಒಂದು ಸಲ, ಮೂವತ್ತನೇ ಕತೆ ಮುಗಿದ ಮೇಲೆ, ರೆಕಾರ್ಡಿಂಗ್ ನಿಲ್ಲಿಸಲು ಮರೆತು, ತನಗೆ ತಾನೇ ಗೊಣಗಿಕೊಂಡಿದ್ದಳು. 'ಅವರೆಕಾಳು ಉಪ್ಪಿಟ್ಟು ತಿನ್ನಬೇಕು ಅನ್ನಿಸ್ತಿದೆ... ಒಬ್ಬಳಿಗೋಸ್ಕರ ಯಾರು ಮಾಡ್ಕೋತಾರೆ.' ಆಮೇಲೆ ಅತ್ತಿದ್ದಳು.

ಪ್ಲೇಯರ್ ತೆರೆದಳು. ಇತ್ತೀಚೆಗೆ ಕೇಳಿದ್ದರ ಪಟ್ಟಿಯಲ್ಲಿ ನಲವತ್ತೊಂದು ಕತೆಗಳೂ ಸಾಲಾಗಿ ನಿಂತಿದ್ದವು.

ಎಲ್ಲವನ್ನೂ ಕೇಳಿದ್ದಾನೆ. ಅಳುವನ್ನೂ. ಕೇಳಿ, ಅಯ್ಯೋ ಪಾಪ ಅಂತ ತಿಂಡಿ ಕಟ್ಟಿಕೊಟ್ಟಿದ್ದಾನೆ! ಮಾತು ತಪ್ಪಿದ್ದಕ್ಕಿಂತ ಆ ಕನಿಕರ ಅವಳನ್ನು ಹೆಚ್ಚು ಸುಟ್ಟಿತು.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ರೈಲು ಹತ್ತಿದಳು. ಸೀಟು ಖಾಲಿಯಿದ್ದರೂ ಮೈಲಾಪೂರ್ ಬರುವವರೆಗೆ ಬಾಗಿಲ ಬಳಿಯೇ ನಿಂತಿದ್ದಳು.

"ಮಾತು ಕೊಟ್ಟಿದ್ರಿ," ಎಂದಳು. ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು.

ರಜತ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ತಪ್ಪಾಯ್ತು. ನಿಮ್ಮ ಹಳೇ ಡಿಸ್ಕಿನಲ್ಲಿ ಅಲ್ಲಲ್ಲಿ ಓದ್ಲಿಕ್ಕಾಗದ ಜಾಗ ಇತ್ತು. ನಕಲು ಪೂರ್ತಿ ಅಂತ ತೋರಿಸ್ತದೆ, ಒಳಗೆ ಕತೆ ಹರಿದಿರ್ತದೆ. ಕೇಳದೆ ಗೊತ್ತಾಗ್ಲಿಕ್ಕಿಲ್ಲ. ನಿಮ್ಮನ್ನ ಕೇಳಿಯೇ ತೆರೀಬೇಕು ಅಂತ ಎರಡು ಸಲ ಫೋನ್ ಮಾಡಿದೆ. ಶುಕ್ರವಾರ ಹತ್ರ ಬಂತಲ್ಲ..."

ತಾನು ಕಟ್ ಮಾಡಿದ ಎರಡು ಕರೆಗಳು. ನಿನ್ನೆಯ ಕೈಸನ್ನೆ. ಅವಳ ಕೋಪ ಅರ್ಧಕ್ಕರ್ಧ ಇಳಿಯಿತು. ಆದರೆ ಉಪ್ಪಿಟ್ಟು?

"ಪರೀಕ್ಷೆಗೆ ಕೇಳಿದ್ರಿ, ಸರಿ. ಆ ಕನಿಕರದ ಪೊಟ್ಟಣ ಯಾಕೆ?"

"ಕನಿಕರ ಎಂತಕ್ಕೆ?" ಅವನಿಗೆ ನಿಜಕ್ಕೂ ಗಾಬರಿಯಾಯಿತು. "ಒಂದು ಸಲ ಕೇಳಿದ್ದು ಪರೀಕ್ಷೆಗೆ. ಎರಡನೇ ಸಲ ಕೇಳಿದ್ದು..." ನಿಲ್ಲಿಸಿದ. ಕಿವಿ ಕೆಂಪಾಯಿತು. "ಎರಡು ದಿನ ಈ ಅಂಗಡಿಯಲ್ಲಿ ನಿಮ್ಮ ದನಿ ಇತ್ತು. ನಿನ್ನೆ ಸಂಜೆ ನೀವು ತಗೊಂಡು ಹೋಗ್ತೀರಲ್ಲ ಅಂತ, ಬೆಳಿಗ್ಗೆಯಿಂದ್ಲೇ ಇಲ್ಲಿ ಕೂತ್ಕೊಳ್ಲಿಕ್ಕೇ ಆಗ್ಲಿಲ್ಲ. ಮಾರ್ಕೆಟಿನಲ್ಲಿ ಪೊಂಗಲ್ಲಿಗೆ ಅಂತ ಮೊಚ್ಚೈ ಬಂದಿತ್ತು, ನಿಮ್ಮ ಅವರೆ ಅದೇ ಅಲ್ವಾ... ನಾನೇ ಮಾಡಿದ್ದು. ನಮ್ಮ ಅಮ್ಮನಿಗೂ ಹೇಳ್ಲಿಲ್ಲ."

ಇಡೀ ಊರಿನ ಗದ್ದಲ ಒಮ್ಮೆಲೇ ದೂರವಾದಂತಾಯಿತು. ಇಷ್ಟು ದಿನ ಯಾರು ಕೇಳುತ್ತಾರೋ ಗೊತ್ತಿಲ್ಲದೆ ಮಾತಾಡಿದ್ದೆನಲ್ಲ... ಇವನು ಕೇಳಿದ.

"ಇನ್ನೊಂದುಂಟು," ಎಂದ ಮೆಲ್ಲಗೆ. "ಕೊನೇ ಕತೆ ಪೂರ್ತಿ ಉಳೀಲಿಲ್ಲ. ಕಾಗೆ ವೇಲಚೇರಿಯಲ್ಲಿ ರೈಲು ಹತ್ತುತ್ತದೆ, ಅಲ್ಲಿಗೇ ನಿಂತಿದೆ. ನಾನು ಎಷ್ಟು ಪ್ರಯತ್ನಪಟ್ರೂ ಬರ್ಲಿಲ್ಲ. ನಿನ್ನೆ ಹೇಳ್ಲಿಕ್ಕೆ ಹೊರಟಿದ್ದು ಅದನ್ನೇ."

ಅವಳು ಗಡಿಯಾರ ನೋಡಿದಳು. ಹತ್ತೂವರೆ. ಸಂಜೆ ಐದಕ್ಕೆ ಇನ್ನೂ ಹೊತ್ತಿದೆ.

"ಈ ಶಟರ್ ಎಳೆದ್ರೆ ಬಸ್ಸಿನ ಸದ್ದು ಕಡಿಮೆ ಆಗುತ್ತಾ?"

ಅವನು ಎಳೆದೇ ಬಿಟ್ಟ. ಹೊಸ ಡ್ರೈವಿನ ಲ್ಯಾಪ್‌ಟಾಪ್ ಕ್ಷಣದಲ್ಲಿ ಸಿದ್ಧವಾಯಿತು. ಅವಳು ಕತೆ ಹೇಳಿದಳು. ಮೊದಲ ಸಲ ಒಬ್ಬರ ಮುಖ ನೋಡುತ್ತ. ಕಾಗೆ ರೈಲು ಹತ್ತಿತು, ಟಿಕೆಟ್ ಕೇಳುವವರಿಂದ ತಪ್ಪಿಸಿಕೊಂಡಿತು... ಅಲ್ಲಿ ನಿಲ್ಲಿಸಿ ಸುಮ್ಮನೆ ಅವನನ್ನೇ ನೋಡಿದಳು.

ಅವನಿಂದ ತಡೆಯಲಾಗಲಿಲ್ಲ. "ಕಾಗೆ ಇಳಿಯಿತಾ, ಪ್ರಣಮ್ಯಾ?"

"ಇಳೀತು. ಮೈಲಾಪೂರಲ್ಲಿ."

"ವಾಪಸ್ ಹೋಯ್ತಾ?"

"ಇಲ್ಲ. ಅಲ್ಲಿ ಯಾರೋ ಅದಕ್ಕೋಸ್ಕರ ಅಡುಗೆ ಮಾಡಿಟ್ಟಿದ್ರಂತೆ." ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. "ಬೆಲ್ಲ ಮಾತ್ರ ಹಾಕಬಾರದಿತ್ತು."

"ನಾಳೆ ಹಾಕೋದಿಲ್ಲ."

"ನಾಳೆ ನಾನೂ ಜೊತೆಗಿರ್ತೀನಿ," ಎಂದಳು ಪ್ರಣಮ್ಯಾ.

ರೆಕಾರ್ಡಿಂಗ್ ನಿಲ್ಲಿಸಲು ಈ ಸಲವೂ ಮರೆತಿದ್ದಳು.