ಕೊಡೆ ಬಟ್ಟೆಯ ಗಿಡುಗ

“ಏನು? ನನ್ನ ಗಾಳಿಪಟ ಹಕ್ಕಿಗಳನ್ನ ಉಪವಾಸ ಕೆಡವ್ತಾ ಇದೆಯಾ?”

“ಹೂಂ ಕಣೇ. ನೀನು ಹಾರಿಸಿದಾಗೆಲ್ಲ ಇದೇ ಕತೆ,” ಎಂದಳು ಅಕ್ಕ. ಕಾಲೇಜಿನ ಪ್ರಾಜೆಕ್ಟಿಗಾಗಿ ಅವಳು ದಿನವೂ ಬೈನಾಕ್ಯುಲರ್ ಹಿಡಿದು ದಡದಲ್ಲಿ ಕೂರುತ್ತಿದ್ದಳು. ಎದುರಿಗೆ ಬೆಳಗಿನ ಇಳಿತಕ್ಕೆ ಸಮುದ್ರ ಹಿಂದೆ ಸರಿದು ಕೆಸರು ಬಯಲು ಹೊಳೆಯುತ್ತಿತ್ತು.

“ನಾನೇನು ಅವುಗಳ ತಟ್ಟೆಗೆ ಕೈ ಹಾಕಿದ್ನಾ?” ಎಂದಳು ತಂಗಿ. ಒಂದು ಕಡೆ ನಿಲ್ಲದ ಅವಳಿಗೆ ಮನೆಯಲ್ಲಿ ಗಿರಗಿಟ್ಲೆ ಎಂದೇ ಹೆಸರು.

ಅಪ್ಪ ಕೊಡೆ ರಿಪೇರಿ ಮಾಡುವವರು. ಹಳೇ ಕೊಡೆಯ ಕಪ್ಪು ಬಟ್ಟೆ, ಕಡ್ಡಿಗಳಿಂದ ರೆಕ್ಕೆ ಚಾಚಿದ ಗಾಳಿಪಟ ಮಾಡಿಕೊಟ್ಟಿದ್ದರು. ಭಾನುವಾರ ಸ್ಕೂಲಿನಲ್ಲಿ ಗಾಳಿಪಟ ಸ್ಪರ್ಧೆ. ಬೀದಿ ತುಂಬ ಕರೆಂಟು ತಂತಿ. ಪ್ರ್ಯಾಕ್ಟೀಸಿಗೆ ಇದೊಂದೇ ಜಾಗ.

“ಅದು ಗಾಳಿಪಟ ಅಂತ ನಿಂಗೊತ್ತು, ಅವಕ್ಕೆ ಗೊತ್ತಾ? ಕೆಳಗಿಂದ ಥೇಟ್ ಗಿಡುಗ. ದಾರ ನಂಗೆ ಕೊಡು, ನೀನೇ ನೋಡು.”

ಗಿರಗಿಟ್ಲೆ ಬೋರಲು ಮಲಗಿ ಬೈನಾಕ್ಯುಲರ್ ಕಣ್ಣಿಗಿಟ್ಟಳು. ದೂರದ ಚುಕ್ಕಿಗಳೆಲ್ಲ ಹಕ್ಕಿಗಳಾದವು. ಹೊಲಿಗೆ ಮಿಷನ್ನಿನ ಸೂಜಿಯಂತೆ ಟಕಟಕ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಿದ್ದವು. ಒಂದು ಪುಟಾಣಿ ಹಕ್ಕಿಗೆ ಹುಳ ಸಿಕ್ಕಿತು. ಎಳೆದಂತೆ ಹುಳ ರಬ್ಬರ್ ಬ್ಯಾಂಡಿನಂತೆ ಉದ್ದವಾಯಿತು.

“ಎಳಿ, ಎಳಿ,” ಎಂದು ಗಿರಗಿಟ್ಲೆ ಪಿಸುಗುಟ್ಟಿದಳು.

ಅವಳ ಹಿಂದೆ ನಿಂತ ಅಕ್ಕ ದಾರ ಬಿಟ್ಟಳು. ಕಪ್ಪು ರೆಕ್ಕೆ ಮೇಲೇರಿತು.

ಒಂದು ಹಕ್ಕಿ ಕೂಗಿತು, ಅಷ್ಟೇ. ಇಡೀ ಗುಂಪು ಒಟ್ಟಿಗೆ ಎದ್ದು, ಒಮ್ಮೆ ಬೆಳ್ಳಗೆ, ಒಮ್ಮೆ ಬೂದಿ ಬಣ್ಣಕ್ಕೆ ತಿರುಗುತ್ತಾ ಹಾರಿತು. ಹುಳ ಸರಕ್ಕನೆ ತೂತಿನೊಳಗೆ ಹೋಯಿತು.

ಹಕ್ಕಿಗಳು ದೂರದಲ್ಲಿ ಇಳಿದವು. ಆದರೆ ಒಂದೂ ಕೊಕ್ಕು ತಗ್ಗಿಸಲಿಲ್ಲ. ತಲೆ ಓರೆ ಮಾಡಿ ಆಕಾಶವನ್ನೇ ನೋಡುತ್ತಿದ್ದವು.

“ಯಾಕೆ ತಿಂತಿಲ್ಲ?”

“ತಲೆ ಮೇಲೆ ಗಿಡುಗ ಇದ್ರೆ ನೀನು ತಿಂತೀಯಾ? ಇನ್ನು ಸ್ವಲ್ಪ ಹೊತ್ತಿಗೆ ನೀರು ಬಂದು ಎಲ್ಲಾ ಮುಚ್ಚುತ್ತೆ. ಅಷ್ಟರೊಳಗೆ ಹೊಟ್ಟೆ ತುಂಬಿಸ್ಕೋಬೇಕು. ಆಮೇಲೆ ಒಂದಿನ ಸಮುದ್ರ ದಾಟಿ ತಮ್ಮೂರಿಗೆ ವಾಪಸ್ ಹಾರ್ಬೇಕಲ್ಲ.”

ಗಿರಗಿಟ್ಲೆ ಬೈನಾಕ್ಯುಲರಿನಲ್ಲಿ ಆ ಪುಟಾಣಿ ಹಕ್ಕಿಯನ್ನು ಹುಡುಕಿದಳು.

“ಇಳಿಸು ಅಕ್ಕ.”

“ಭಾನುವಾರಕ್ಕೆ ಏನ್ಮಾಡ್ತೀಯ?”

“ಮೊದಲು ಇಳಿಸು.”

ಅಕ್ಕ ದಾರ ಸುತ್ತಿ ಇಳಿಸಿದಳು. ಗಿರಗಿಟ್ಲೆ ಗಾಳಿಪಟವನ್ನು ಕೊಡೆಯಂತೆ ಮಡಿಸಿ, ರೆಕ್ಕೆಯ ತುದಿಯೂ ಕಾಣದಂತೆ ಲಂಗದಡಿ ಮುಚ್ಚಿಕೊಂಡು ಕೂತಳು. ಬಹಳ ಹೊತ್ತಾದ ಮೇಲೆ ಒಂದು ಕೊಕ್ಕು ಕೆಳಗಿಳಿಯಿತು. ಅದರ ಪಕ್ಕದ್ದು ಇನ್ನೊಂದು. ಆಮೇಲೆ ಟಕಟಕ, ಟಕಟಕ.

“ನೀರು ತುಂಬಿದ್ಮೇಲೆ ಇವು ಎಲ್ಲಿಗೆ ಹೋಗ್ತವೆ?”

“ಗುಡ್ಡದ ಆಚೆ. ಒಂಟಿ ಕಾಲಲ್ಲಿ ನಿಂತು ನಿದ್ದೆ ಹೊಡೀತವೆ.”

“ಅಂದ್ರೆ ಆಗ ಇಲ್ಲಿ ಯಾರೂ ಇರಲ್ಲ.”

“ನೀರಿರುತ್ತೆ. ಗಾಳಿಪಟ ಬಿದ್ರೆ?”

“ಕೊಡೆ ಬಟ್ಟೆ ಕಣಕ್ಕಾ. ನೆನೆಯೋದೇ ಅದರ ಕೆಲ್ಸ.”

ಅಕ್ಕ ನಕ್ಕುಬಿಟ್ಟಳು. “ನಾಳೆ ಸ್ಕೂಲು ಬಿಡೋ ಹೊತ್ತಿಗೆ ನೀರು ತುಂಬಿರುತ್ತೆ. ಗಾಳಿಪಟ ತಗೊಂಡು ದಡದ ಮುರಿದ ದೋಣಿ ಹತ್ರ ಬಾ.”

“ನೀನೇ ಲೇಟ್ ಮಾಡ್ಬೇಡ,” ಎಂದಳು ಗಿರಗಿಟ್ಲೆ, ಬೈನಾಕ್ಯುಲರ್ ವಾಪಸ್ ಕೊಡದೆ.