ನಡುಕೊಳದಲ್ಲಿ ಮೂರು ಸುತ್ತು ಹಾಕುವ ಮೀನು

ಬಹಳ ಬಹಳ ಹಿಂದೆ, ಎಷ್ಟು ಹಿಂದೆ ಅಂತ ಲೆಕ್ಕ ಹಾಕಹೊರಟರೆ ಕತೆಯೇ ಮುಂದೆ ಹೋಗದಷ್ಟು ಹಿಂದೆ, ಮಣಿಗಿರಿ ಎಂಬ ರಾಜ್ಯವಿತ್ತು. ಅದಕ್ಕೆ ಗುಂಡಭೂಪನೆಂಬ ರಾಜ. ಅವನ ಅರಮನೆಯ ತೊಟ್ಟಿಯಂಗಳದಲ್ಲಿ ಆಳೆತ್ತರದ ಗಾಜಿನ ಕೊಳ. ಆ ಕೊಳಕ್ಕೆ ನಲವತ್ತು ಕೊಡ ನೀರು ಹೊರುವವಳು ಅಂಬಿಗರ ಕೆಂಚವ್ವ.

ಕೆಂಚವ್ವನಿಗೆ ಮೊದಲೇ ತಲೆ ಕೆಟ್ಟಿತ್ತು. ಹರಿಗೋಲು ನಡೆಸುವ ಅವಳ ಗಂಡ ಐದು ದಿನದ ಹಿಂದೆ ಹೊಳೆಗೆ ಹೋದವನು ಮನೆಗೆ ಬಂದಿರಲಿಲ್ಲ. ಹೊರಡುವಾಗ ಇಬ್ಬರಿಗೂ ಜಗಳವಾಗಿತ್ತು. "ಯಾವನೋ ಗೆಳೆಯನ ಮನೇಲಿ ಕೂತಿರ್ತಾರೆ ಬಿಡಿ, ಹೊಟ್ಟೆ ಹಸಿದರೆ ತಾವೇ ಬರ್ತಾರೆ" ಅಂತ ನೆರೆಯವರ ಮುಂದೆ ಬಿಂಕವಾಗಿ ಹೇಳಿದಳು. ಹೇಳಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತಳು.

ಹೀಗಿರುವಾಗ ಧೂಮಾಕ್ಷನೆಂಬ ಮಂತ್ರವಾದಿ ಅರಮನೆಗೆ ಬಂದು, ತಾಮ್ರದ ಬಣ್ಣದ ಮೀನೊಂದನ್ನು ಕಾಣಿಕೆ ಕೊಟ್ಟ. "ಮಹಾಪ್ರಭು, ಮೂರು ದಿನದೊಳಗೆ ಇದು ನೆಟ್ಟಗೆ ಈಜಿದರೆ ರಾಜ್ಯಕ್ಕೆ ಶುಭ. ಈಜದಿದ್ದರೆ ಹುರಿದು ತಿಂದುಬಿಡಿ, ಕೇಡು ಕಳೆಯುತ್ತದೆ" ಎಂದ.

ಮೀನು ನೆಟ್ಟಗೆ ಈಜಿದರೆ ತಾನೆ! ಗೋಡೆಗೆ ಅಂಟಿಕೊಂಡು ಕೊಳದ ತುದಿಯವರೆಗೆ ಹೋಗುತ್ತಿತ್ತು. ಅಲ್ಲಿಂದ ಓರೆಯಾಗಿ ಆಚೆ ಗೋಡೆಯ ಕಡೆಗೆ ಹೊರಡುತ್ತಿತ್ತು. ನಟ್ಟನಡುವೆ ಗಿರ್ರನೆ ಮೂರು ಸುತ್ತು ಸುತ್ತುತ್ತಿತ್ತು. ಆಚೆ ಮುಟ್ಟಿ, ಮತ್ತೆ ಮೊದಲಿಂದ ಅದೇ ಪಾಠ.

ಮೊದಲನೆಯ ದಿನ ಜೋಯಿಸರು ಬಂದರು. "ಇದು ಪ್ರದಕ್ಷಿಣೆ. ಮೀನಿಗೆ ಭಕ್ತಿ ಮಿತಿ ಮೀರಿದೆ" ಎಂದು ಒಂದು ಸೇರು ಅರಿಸಿನ ಕದಡಿಸಿದರು. ಮೀನು ಕೆಮ್ಮಿತು. ಕೆಂಚವ್ವ ಹಳದಿ ನೀರು ಚೆಲ್ಲಿ ನಲವತ್ತು ಕೊಡ ಹೊತ್ತಳು.

ಎರಡನೆಯ ದಿನ ವೈದ್ಯರು ಬಂದರು. "ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಹೊಟ್ಟೆಯಲ್ಲಿ ವಾಯು" ಎಂದು ಒಂದು ಹಂಡೆ ಶುಂಠಿ ಕಷಾಯ ಸುರಿಸಿದರು. ಮೀನು ಸೀನಿತು. ಕೆಂಚವ್ವ ಖಾರದ ನೀರು ಚೆಲ್ಲಿ ನಲವತ್ತು ಕೊಡ ಹೊತ್ತಳು.

ಮೂರನೆಯ ದಿನ ದಳವಾಯಿ ಬಂದ. "ಶತ್ರುವಿನ ಗೂಢಚಾರ ಇದು! ನಮ್ಮ ಕೋಟೆಯ ಸುತ್ತಳತೆ ತೆಗೆಯುತ್ತಿದೆ!" ಎಂದು ಕೊಳದ ಪಕ್ಕದಲ್ಲೇ ನಗಾರಿ ಬಾರಿಸಿದ. ವರ್ಷಗಳ ಧೂಳೆಲ್ಲ ಹಾರಿ ನೀರಿಗೆ ಬಿತ್ತು. ಮತ್ತೆ ನಲವತ್ತು ಕೊಡ.

"ನಿಮ್ಮ ವಿದ್ಯೆಗಿಷ್ಟು ಬೆಂಕಿ ಹಾಕ!" ಎಂದಳು ಕೆಂಚವ್ವ, ಸೊಂಟ ಹಿಡಿದುಕೊಂಡು. "ಬಂದವರೆಲ್ಲ ಬಾಯಿಗೆ ಬಂದದ್ದು ಹೇಳಿ ಹೋದ್ರಲ್ಲ, ಒಬ್ಬರಾದರೂ ಒಂದು ಗಳಿಗೆ ನಿಂತು ನೋಡಿದ್ರಾ, ಅದು ಏನು ಮಾಡ್ತಿದೆ ಅಂತ?"

ಅಂದವಳು ತಾನೇ ನಿಂತು ನೋಡಿದಳು.

ದಡ ಹಿಡಿದು ಮೇಲಕ್ಕೆ ಹೋಗುವುದು, ಅಲ್ಲಿಂದ ಸೆಳವಿಗೆ ಓರೆಯಾಗಿ ಬಿಡುವುದು. ಹರಿಗೋಲಿನವರೆಲ್ಲ ಹೊಳೆ ದಾಟುವುದೇ ಹೀಗೆ. ಆದರೆ ನಡುಹೊಳೆಯಲ್ಲಿ ಬೇಕಂತಲೇ ಮೂರು ಸುತ್ತು ತಿರುಗಿಸಿ, ಕೂತ ಹೆಂಗಸರನ್ನೆಲ್ಲ ಕಿರುಚಿಸಿ, ಹಲ್ಲು ಕಿರಿಯುವ ಅಂಬಿಗ ಇಡೀ ರಾಜ್ಯಕ್ಕೆ ಒಬ್ಬನೇ ಇದ್ದ. ಹಾಗೆ ಮಾಡಬೇಡಿ ಅಂತ ಅವಳು ಹನ್ನೆರಡು ವರ್ಷದಿಂದ ಬಡಕೊಂಡಿದ್ದಳು.

ಕೈಯಲ್ಲಿದ್ದ ಕೊಡ ಬಿತ್ತು. "ಅಯ್ಯಯ್ಯೋ, ಹುರೀಬೇಡ್ರಪ್ಪೋ! ಇವರು ನಮ್ಮ ಯಜಮಾನರು!"

ಅಷ್ಟು ಹೊತ್ತಿಗೆ ಗಡುವು ಮುಗಿದು, ಕೊಳದ ಪಕ್ಕದ ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ಹುರಿಯುವುದನ್ನು ನೋಡಲು ರಾಜನ ಪಕ್ಕದಲ್ಲೇ ಬಂದು ಕೂತಿದ್ದ ಧೂಮಾಕ್ಷ ಗಹಗಹಿಸಿ ನಕ್ಕ. "ಹೌದು, ನಿನ್ನ ಗಂಡನೇ. ಮೊಳೆ ಹೊಡೆದ ಪಾದುಕೆ ಬಿಚ್ಚಿ ಹತ್ತಿ, ತೊಗಲಿನ ಹರಿಗೋಲು ತೂತಾಗುತ್ತೆ ಅಂದ. ಯಾರಿಗೆ? ನನಗೆ! ಅದಕ್ಕೇ ಮೀನು ಮಾಡಿಬಿಟ್ಟೆ. ಮನೆಯವರು ಹೆಸರು ಹಿಡಿದು ಕೂಗಿದರೆ ಮತ್ತೆ ಮನುಷ್ಯನಾಗುತ್ತಾನೆ. ಮನೆಯಲ್ಲಿ ಇರುವವಳು ನೀನೊಬ್ಬಳೇ. ಕೂಗು ನೋಡೋಣ!"

ಗುಟ್ಟು ಬಿಟ್ಟುಕೊಟ್ಟರೂ ಅವಳಿಂದ ಕೂಗಲಾಗದು ಅಂತ ಅವನಿಗೆ ಗೊತ್ತಿತ್ತು. ಆ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಹೇಳಿದರೆ ಅವನ ಆಯಸ್ಸು ಕಳೆಯುತ್ತದೆ ಎಂದು ನಂಬಿಕೆ. ಕೂಗದಿದ್ದರೆ ಬಾಣಲೆ, ಕೂಗಿದರೆ ಯಮ. ಏನು ಮಾಡಿಯಾಳು ಬಡಪಾಯಿ?

ಅಡುಗೆಯವನು ಬಲೆ ಹಾಕಿದ. "ಏನೂಂದ್ರೇ!" ಎಂದು ಕೂಗಿದಳು ಕೆಂಚವ್ವ. ಮೀನು ತಿರುಗಿ ನೋಡಿತು. ಮೀನಾಗಿಯೇ ಇತ್ತು.

ಅಡುಗೆಯವನು ಬಲೆ ಎತ್ತಿದ. "ನಮ್ಮನೆಯವ್ರೇ!" ಎಂದು ಕೂಗಿದಳು. ಮೀನು ಬಾಲ ಬಡಿಯಿತು. ಮೀನಾಗಿಯೇ ಇತ್ತು.

ಅಡುಗೆಯವನು ಬಲೆಯನ್ನು ಬಾಣಲೆಯ ಮೇಲೆ ಹಿಡಿದ. ಕೆಂಚವ್ವನಿಗೆ ಜೋಯಿಸರ ಮೇಲೆ, ವೈದ್ಯರ ಮೇಲೆ, ದಳವಾಯಿಯ ಮೇಲೆ, ಬಾಯಿಬಿಟ್ಟುಕೊಂಡು ಕೂತ ರಾಜನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹೇಳದೆ ಕೇಳದೆ ಮೀನಾಗಿ ಕೂತ ಗಂಡನ ಮೇಲೆ ತಡೆಯಲಾರದ ಸಿಟ್ಟು ಬಂತು.

"ಆಯಸ್ಸು ಸಾಲದಿದ್ದರೆ ನಂದರಲ್ಲಿ ಅರ್ಧ ತಗೊಳ್ಳಿ! ಹುಲುಗಪ್ಪಾ!"

ಅರಮನೆಯ ಕಂಬಗಳು ಅದುರಿದವು. ಬಲೆ ಹರಿಯಿತು. ಒದ್ದೆ ಮೈಯ ಹುಲುಗಪ್ಪ ದೊಪ್ಪೆಂದು ನೆಲಕ್ಕೆ ಬಿದ್ದ. ಮಂತ್ರ ತಿರುಗಿ ಬಡಿದು, ಧೂಮಾಕ್ಷ ಕರಿಮೀನಾಗಿ ಕೊಳಕ್ಕೆ ಬಿದ್ದ. ಅವನ ಹೆಸರು ಹಿಡಿದು ಕೂಗುವುದಕ್ಕೆ ಮನೆಯವರು ಯಾರೂ ಇರಲಿಲ್ಲ, ಹಾಗಾಗಿ ಅಲ್ಲೇ ಉಳಿದ.

ಕೆಂಚವ್ವ ಓಡಿಬಂದು ಗಂಡನ ಎದೆಗೆ ಕಿವಿಯಿಟ್ಟಳು. ಬಡಿಯುತ್ತಿತ್ತು. ಬಡಿಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸೆರಗಿನಿಂದ ಅವನ ತಲೆ ಒರೆಸುತ್ತಾ ಬೈಗುಳ ಶುರು ಮಾಡಿದಳು. "ಎಂಟು ದಿನ! ಇಲ್ಲಿ ತಂಪಾಗಿ ಈಜಾಡ್ಕೊಂಡಿದ್ರಲ್ಲ, ನಾನು ಬದುಕಿದ್ದೀನೋ ಸತ್ತಿದ್ದೀನೋ ಅನ್ನೋ ಗ್ಯಾನ ಇತ್ತಾ ನಿಮಗೆ?"

"ಕೆಂಚೀ, ಅದನ್ನ ಇನ್ನೊಂದು ಸಲ ಕೂಗೇ" ಎಂದ ಹುಲುಗಪ್ಪ. "ನನ್ನ ಹೆಸರು ಇಷ್ಟು ಚೆಂದ ಐತಂತ ನನಗೇ ಗೊತ್ತಿರಲಿಲ್ಲ."

ಅವಳು ಅವನ ಬೆನ್ನಿಗೊಂದು ಗುದ್ದು ಕೊಟ್ಟು, ಅಳುತ್ತಾ, ಇನ್ನೊಂದು ಸಲ ಕೂಗಿದಳು.

ಹುಲುಗಪ್ಪ ತೊಂಬತ್ತು ವರ್ಷ ಬದುಕಿದ. ಕೆಂಚವ್ವ ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಬೈದಳು. ಅದನ್ನು ಕೇಳಿ ಕೇಳಿ ಮಣಿಗಿರಿಯ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ಹೆಸರು ಹಿಡಿದು ಕರೆಯತೊಡಗಿದರು. ಒಬ್ಬ ಗಂಡನೂ ಅದರಿಂದ ಸಾಯಲಿಲ್ಲ, ಎಲ್ಲರೂ ಸುಖವಾಗಿದ್ದರು.